ಬಾಗಿಲಲ್ಲಿ ನಿಂತು ಉತ್ತರ ಕೊಟ್ಟವರು ಯಾರು?

ಪ್ರಶ್ನೆ: ನಾನು ಸಮಾಜಶಾಸ್ತ್ರ ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ‘ಲಿಂಗತ್ವ, ಲೈಂಗಿಕತೆ, ಅಂಗವೈಕಲ್ಯ ಮತ್ತು ಸಾಮಾಜಿಕ ಅಸಮಾನತೆ’ ಎಂಬ ವಿಷಯದ ಮೇಲೆ ನಮ್ಮೂರಲ್ಲೇ ಸಮೀಕ್ಷೆ ಮಾಡಿ ಕಿರುಪ್ರಬಂಧ ಬರೆಯಬೇಕು. ಪ್ರಶ್ನಾವಳಿ ಹೇಗಿದೆ ನೋಡೋಣವೆಂದು ಮೊದಲು 40 ಮನೆಗಳಿಗೆ ಹೋಗಿಬಂದೆ. ಸುಮಾರು 180 ಜನರಲ್ಲಿ ಅಂಗವಿಕಲರು ಸಿಕ್ಕಿದ್ದು ಮೂರೇ ಮಂದಿ, ಮೂವರೂ ಗಂಡಸರು. ಲಿಂಗದ ಕಾಲಂನಲ್ಲಿ ‘ಇತರೆ’ಗೆ ಒಂದು ಟಿಕ್ ಕೂಡ ಬೀಳಲಿಲ್ಲ. ಲೈಂಗಿಕ ಒಲವಿನ ಪ್ರಶ್ನೆ ಕೇಳಲು ಬಾಯೇ ಬರಲಿಲ್ಲ. ನಮ್ಮೂರಲ್ಲಿ ಇಂಥವರು ಇಲ್ಲವೋ, ನನ್ನ ಪ್ರಶ್ನೆಗಳೇ ಸರಿಯಿಲ್ಲವೋ? ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿರುವ ಇವನ್ನೆಲ್ಲ ಒಟ್ಟಿಗೆ ಅಧ್ಯಯನ ಮಾಡುವುದು ಹೇಗೆ? ಬರೆಯುವಾಗ ‘ಅಂಗವಿಕಲ’ ಅನ್ನಬೇಕೋ ‘ವಿಕಲಚೇತನ’ ಅನ್ನಬೇಕೋ ಎಂಬ ಗೊಂದಲವೂ ಇದೆ.

ಉತ್ತರ: ಮೊದಲು ಲೆಕ್ಕ ನೋಡಿಬಿಡೋಣ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ, ಜನಸಂಖ್ಯೆಯ ಶೇ 2.21. ರಾಷ್ಟ್ರೀಯ ಮಾದರಿ ಸಮೀಕ್ಷೆ 2018ರಲ್ಲಿ ನಡೆಸಿದ 76ನೇ ಸುತ್ತಿನಲ್ಲೂ ಹೆಚ್ಚುಕಡಿಮೆ ಅದೇ, ಶೇ 2.2. ಈ ದರದಲ್ಲಿ 180 ಜನರ ಪೈಕಿ ನಾಲ್ವರು ಸಿಗಬೇಕಿತ್ತು, ನಿಮಗೆ ಮೂವರು ಸಿಕ್ಕಿದ್ದಾರೆ. ಮೂವರೂ ಗಂಡಸರೇ ಆಗಿದ್ದಕ್ಕೆ ಅರ್ಥ ಹುಡುಕುತ್ತಾ ಕೂರಬೇಡಿ. ನಾಣ್ಯವನ್ನು ಮೂರು ಸಲ ಚಿಮ್ಮಿದರೆ ಮೂರು ಸಲವೂ ಒಂದೇ ಮುಖ ಮೇಲೆ ಬೀಳುವುದು ಅಪರೂಪವೇನಲ್ಲ. ‘ಇತರೆ’ ಕಾಲಂ ಮೊದಲ ಬಾರಿ ಬಂದ 2011ರ ಗಣತಿಯಲ್ಲಿ ಹಾಗೆ ಬರೆಸಿಕೊಂಡವರು ದೇಶಕ್ಕೆಲ್ಲ ಸುಮಾರು 4.88 ಲಕ್ಷ, ಕರ್ನಾಟಕದಲ್ಲಿ 20 ಸಾವಿರ ಚಿಲ್ಲರೆ. ಅಂದರೆ ಹತ್ತು ಸಾವಿರಕ್ಕೆ ಮೂರೋ ನಾಲ್ಕೋ. ನಿಮ್ಮ 180 ಜನರಲ್ಲಿ ಸೊನ್ನೆ ಬರುವುದೇ ನಿರೀಕ್ಷಿತ.

ಹಾಗಾದರೆ ಪ್ರಶ್ನಾವಳಿ ಸರಿಯಿದೆ ಎಂದೇ? ಇಲ್ಲ. ನಿಮ್ಮ ಲೆಕ್ಕ ಸರ್ಕಾರದ ಲೆಕ್ಕಕ್ಕೆ ಹೊಂದುತ್ತಿದೆ, ಯಾಕೆಂದರೆ ಎರಡರಲ್ಲೂ ಇರುವ ದೋಷ ಒಂದೇ. ಮನೆ ಬಾಗಿಲಿಗೆ ಹೋಗಿ, ಎದುರಿಗೆ ಬಂದ ಒಬ್ಬರನ್ನು ನಿಲ್ಲಿಸಿ, ‘ನಿಮ್ಮ ಮನೆಯಲ್ಲಿ ಅಂಗವಿಕಲರು ಯಾರಾದರೂ ಇದ್ದಾರಾ?’ ಎಂದು ಕೇಳಿ ಬರುವುದು. ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರೇ ನಿಮಗೆ ಉತ್ತರ ಕೊಡುತ್ತಾರೆ. ನೀವು ಅಳೆಯಲು ಹೊರಟಿರುವುದು ಆ ಯಜಮಾನಿಕೆಯನ್ನೇ. ಅಳತೆಗೋಲನ್ನು ಅದರ ಕೈಗೇ ಕೊಟ್ಟು ಬಂದಂತಾಯಿತು.

ಪ್ರಶ್ನೆ ಬದಲಾದರೆ ಸಂಖ್ಯೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ನಮ್ಮ ಗಣತಿಯಲ್ಲೇ ಉದಾಹರಣೆ ಇದೆ. 2001ರಲ್ಲಿ ದೃಷ್ಟಿ ದೋಷವುಳ್ಳವರು 1.06 ಕೋಟಿ ಇದ್ದರು. 2011ರಲ್ಲಿ 50 ಲಕ್ಷಕ್ಕೆ ಇಳಿದರು. ಅದೇ ಹತ್ತು ವರ್ಷದಲ್ಲಿ ಶ್ರವಣ ದೋಷವುಳ್ಳವರು 12.6 ಲಕ್ಷದಿಂದ 50.7 ಲಕ್ಷಕ್ಕೆ ಏರಿದರು. ದೇಶದ ಅರ್ಧದಷ್ಟು ಕುರುಡರಿಗೆ ಕಣ್ಣು ಬಂದು, ಕಿವುಡರು ನಾಲ್ಕು ಪಟ್ಟಾದರೇ? ಬದಲಾಗಿದ್ದು ವ್ಯಾಖ್ಯಾನ ಮತ್ತು ಪ್ರಶ್ನೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಜಗತ್ತಿನ ಆರು ಜನರಲ್ಲಿ ಒಬ್ಬರಿಗೆ, ಅಂದರೆ ಶೇ 16ರಷ್ಟು ಜನರಿಗೆ, ಗಣನೀಯ ಅಂಗವೈಕಲ್ಯವಿದೆ ಎನ್ನುತ್ತದೆ. ನಮ್ಮದು ಹರೆಯದವರು ಹೆಚ್ಚಿರುವ ದೇಶ, ಸ್ವಲ್ಪ ಕಡಿಮೆ ಇರಬಹುದು. ಆದರೆ ಏಳು ಪಟ್ಟು ಕಡಿಮೆ ಎಂದರೆ ವಯಸ್ಸಿನ ಲೆಕ್ಕಕ್ಕೆ ಸಿಗುವ ಮಾತಲ್ಲ.

ಇನ್ನೊಂದು ವಿಚಿತ್ರ ನೋಡಿ. ಜಾಗತಿಕ ಅಂದಾಜುಗಳಲ್ಲಿ ಅಂಗವೈಕಲ್ಯದ ಪ್ರಮಾಣ ಹೆಂಗಸರಲ್ಲೇ ಹೆಚ್ಚು. ಅವರು ಹೆಚ್ಚು ಕಾಲ ಬದುಕುತ್ತಾರೆ, ಮುಪ್ಪಿನ ತೊಂದರೆಗಳೂ ಹೆಚ್ಚು. ನಮ್ಮ ಗಣತಿಯಲ್ಲಿ ಮಾತ್ರ ಉಲ್ಟಾ: ಗಂಡಸರು 1.5 ಕೋಟಿ, ಹೆಂಗಸರು 1.18 ಕೋಟಿ. ದುಡಿಮೆಯ ಅಪಘಾತ, ರಸ್ತೆ ಅಪಘಾತ ಗಂಡಸರಿಗೆ ಹೆಚ್ಚು ಎಂಬುದು ಇದಕ್ಕೆ ಒಂದು ಕಾರಣ, ಅದನ್ನು ತಳ್ಳಿಹಾಕುವಂತಿಲ್ಲ. ಉಳಿದದ್ದು ಬಾಗಿಲಲ್ಲಿ ಆಗುತ್ತದೆ. ಮೊಣಕಾಲು ಹಿಡಿದು ನಾಲ್ಕು ಹೆಜ್ಜೆ ನಡೆಯಲಾಗದ ಅಜ್ಜಿಯ ವಿಷಯ ಬಂದರೆ ‘ವಯಸ್ಸಾಯ್ತಲ್ಲ, ಅದಕ್ಕೆ’ ಎಂದು ಮಗ ಮುಗಿಸುತ್ತಾನೆ. ಅವಳ ಹೆಸರಿನ ಮುಂದೆ ‘ಇಲ್ಲ’ ಎಂದು ಬೀಳುತ್ತದೆ. ಮಂದಬುದ್ಧಿಯ ಮಗಳಿದ್ದರೆ, ಅವಳ ತಂಗಿಗೆ ಗಂಡು ನೋಡುತ್ತಿದ್ದರೆ, ಆ ಹೆಸರೇ ಬರುವುದಿಲ್ಲ. ಅದೇ ಮಗನಾಗಿದ್ದರೆ ಪಿಂಚಣಿಗೆ ಅರ್ಜಿ ಹಾಕಿರುತ್ತಾರೆ, ಕಾರ್ಡು ಇರುತ್ತದೆ, ಕೇಳಿದ ಕೂಡಲೇ ತೋರಿಸುತ್ತಾರೆ.

ಕಾರ್ಡಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹತ್ತಿರ ಪಟ್ಟಿ ಸಿಗುತ್ತದೆ, ಅದನ್ನೇ ಹಿಡಿದುಕೊಂಡರೆ ಕೆಲಸ ಹಗುರ ಎಂದು ಯಾರಾದರೂ ಹೇಳಬಹುದು. ಪಟ್ಟಿ ತೆಗೆದುಕೊಳ್ಳಿ, ಹೋಲಿಕೆಗೆ ಬೇಕು. ಅದನ್ನೇ ಊರಿನ ಅಂಗವಿಕಲರ ಸಂಖ್ಯೆ ಎಂದುಕೊಳ್ಳಬೇಡಿ. ಅದೇ 76ನೇ ಸುತ್ತಿನಲ್ಲಿ, ಅಂಗವಿಕಲರೆಂದು ಎಣಿಕೆಗೆ ಸಿಕ್ಕವರಲ್ಲೇ ಪ್ರಮಾಣಪತ್ರ ಇದ್ದವರು ಶೇ 28.8 ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಆದರೆ ಉದ್ಯೋಗ ಮೀಸಲಾತಿಯಂಥ ಮುಖ್ಯ ಸೌಲಭ್ಯಗಳಿಗೆ ಶೇ 40ರ ಗೆರೆ ದಾಟಬೇಕು. ಆ ಗೆರೆ ವೈದ್ಯರು ಎಳೆಯುವುದು, ಸೌಲಭ್ಯ ಹಂಚಲು. ಸಮಾಜಶಾಸ್ತ್ರದ ವಿದ್ಯಾರ್ಥಿ ಅದನ್ನು ಎರವಲು ತರಬೇಕಾಗಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಮನೆಯಲ್ಲಿ ಯಾರೂ ಇಲ್ಲದ ಹೆಂಗಸು ಆ ಗೆರೆಯ ಹತ್ತಿರಕ್ಕೂ ಬಂದಿರುವುದಿಲ್ಲ.

ಇದಕ್ಕೆ ಬದಲಾಗಿ ಬಳಸಬೇಕಾದದ್ದು ‘ವಾಷಿಂಗ್ಟನ್ ಗ್ರೂಪ್’ನ ಆರು ಪ್ರಶ್ನೆಗಳು. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗದ ಅಡಿಯಲ್ಲಿ 2001ರಲ್ಲಿ ಶುರುವಾದ ಗುಂಪು ಇದು. ಅಂಗವಿಕಲ ಎಂಬ ಪದವನ್ನೇ ಎತ್ತದಿರುವುದು ಇದರ ಜಾಣ್ಮೆ. ಆಡುಮಾತಿನಲ್ಲಿ ಹೀಗೆ ಕೇಳಬಹುದು:

ಕನ್ನಡಕ ಹಾಕಿಕೊಂಡರೂ ನೋಡೋದಕ್ಕೆ ತೊಂದರೆ ಇದೆಯಾ?
ಕಿವಿಗೆ ಮಿಷನ್ ಹಾಕಿಕೊಂಡರೂ ಕೇಳಿಸಿಕೊಳ್ಳೋದಕ್ಕೆ ತೊಂದರೆ ಇದೆಯಾ?
ನಡೆಯೋದಕ್ಕೆ, ಮೆಟ್ಟಿಲು ಹತ್ತೋದಕ್ಕೆ?
ನೆನಪಿಟ್ಟುಕೊಳ್ಳೋದಕ್ಕೆ, ಒಂದು ಕಡೆ ಗಮನ ಕೊಡೋದಕ್ಕೆ?
ಮೈ ತೊಳೆದುಕೊಳ್ಳೋದು, ಬಟ್ಟೆ ಹಾಕಿಕೊಳ್ಳೋದು, ಇಂಥ ನಿಮ್ಮ ಕೆಲಸ ನೀವೇ ಮಾಡಿಕೊಳ್ಳೋದಕ್ಕೆ?
ನೀವು ದಿನಾ ಆಡೋ ಭಾಷೆಯಲ್ಲೇ, ನೀವು ಹೇಳಿದ್ದು ಬೇರೆಯವರಿಗೆ, ಅವರು ಹೇಳಿದ್ದು ನಿಮಗೆ ಅರ್ಥವಾಗೋದಕ್ಕೆ?

ಪ್ರತಿಯೊಂದಕ್ಕೂ ನಾಲ್ಕು ಉತ್ತರ: ಏನೂ ತೊಂದರೆ ಇಲ್ಲ, ಸ್ವಲ್ಪ ತೊಂದರೆ, ತುಂಬಾ ತೊಂದರೆ, ಆಗೋದೇ ಇಲ್ಲ. ಆರರಲ್ಲಿ ಒಂದಕ್ಕಾದರೂ ‘ತುಂಬಾ’ ಅಥವಾ ‘ಆಗೋದೇ ಇಲ್ಲ’ ಬಂದರೆ ಅವರನ್ನು ಅಂಗವೈಕಲ್ಯದ ಎಣಿಕೆಗೆ ಸೇರಿಸಿಕೊಳ್ಳುತ್ತಾರೆ. ಒಬ್ಬರಿಗೆ ಒಂದೂವರೆ ನಿಮಿಷ ಸಾಕು. ಐದು ವರ್ಷದೊಳಗಿನ ಮಕ್ಕಳಿಗೆ ಇದು ಸಲ್ಲ. ಮಕ್ಕಳಿಗೆಂದೇ ಯುನಿಸೆಫ್ ಜೊತೆ ಸೇರಿ ಮಾಡಿದ ಬೇರೆ ಪ್ರಶ್ನಾವಳಿ ಇದೆ, ಕಿರುಪ್ರಬಂಧಕ್ಕೆ ಅದು ಹೊರೆ. 18 ದಾಟಿದವರಿಗೆ ಸೀಮಿತಗೊಳಿಸಿ. ಖಿನ್ನತೆ, ಆತಂಕದಂಥ ಮಾನಸಿಕ ತೊಂದರೆಗಳು ಈ ಆರರಲ್ಲಿ ಸರಿಯಾಗಿ ಸಿಕ್ಕುವುದಿಲ್ಲ, ಅದನ್ನು ಮಿತಿ ಎಂದು ಬರೆದುಬಿಡಿ.

ಕೆಡುವುದು ಕೇಳುವ ರೀತಿಯಲ್ಲಿ. ನಡೆದುಕೊಂಡು ಬಂದವರನ್ನು ನೋಡಿ ಮೂರನೇ ಪ್ರಶ್ನೆಯನ್ನು ಕೇಳದೆ ತಾವೇ ತುಂಬಿಕೊಳ್ಳುತ್ತಾರೆ. ಹತ್ತು ಮನೆ ಆಗುವಷ್ಟರಲ್ಲಿ ಆರೂ ಪ್ರಶ್ನೆ ಕರಗಿ ‘ಕಣ್ಣು ಕಿವಿ ಎಲ್ಲಾ ಚೆನ್ನಾಗಿದೆ ಅಲ್ವಾ?’ ಎಂದಾಗಿರುತ್ತದೆ. ಕನ್ನಡದಲ್ಲಿ ಇನ್ನೊಂದು ಬಲೆ ಇದೆ, ‘ಸ್ವಲ್ಪ’ ಎಂಬ ಪದ. ನಾವು ಅದನ್ನು ಅಳತೆಗಷ್ಟೇ ಬಳಸುವುದಿಲ್ಲ, ದಾಕ್ಷಿಣ್ಯಕ್ಕೂ ಬಳಸುತ್ತೇವೆ. ‘ಸ್ವಲ್ಪ ಕಷ್ಟ ಇದೆ ಕಣಮ್ಮ’ ಎಂದು ಹೇಳುವವರು ತಟ್ಟೆಯಲ್ಲಿ ಅನ್ನ ಎಲ್ಲಿದೆ ಎಂದು ಕೈಯಾಡಿಸಿ ಹುಡುಕುತ್ತಿರಬಹುದು. ಅದಕ್ಕೇ ನಾಲ್ಕೂ ಉತ್ತರಗಳನ್ನು ಪ್ರತಿ ಸಲ ಬಾಯಿಬಿಟ್ಟು ಓದಬೇಕು. ಅವರು ‘ಸ್ವಲ್ಪ’ ಎಂದರೆ ‘ಸ್ವಲ್ಪಾನಾ, ತುಂಬಾನಾ?’ ಎಂದು ಒಮ್ಮೆ, ಒಮ್ಮೆ ಮಾತ್ರ, ಮರುಕೇಳಬೇಕು. ಹೀಗೆ ಮರುಕೇಳುವುದಾದರೆ ಎಲ್ಲರಿಗೂ ಕೇಳಿ, ನಿಮಗೆ ಪಾಪ ಅನ್ನಿಸಿದವರಿಗೆ ಮಾತ್ರ ಕೇಳಿದರೆ ಅಂಕಿಅಂಶ ಹಾಳು.

ಕನ್ನಡಕದ ಪ್ರಶ್ನೆಯ ಪಕ್ಕದಲ್ಲಿ ‘ಕನ್ನಡಕ ಇದೆಯೇ? ಹೌದು/ಇಲ್ಲ’ ಎಂದು ನಿಮ್ಮದೇ ಒಂದು ಕಾಲಂ ಸೇರಿಸಿ. ಒಂದೇ ವಯಸ್ಸಿನ ಗಂಡಹೆಂಡತಿ, ಇಬ್ಬರಿಗೂ ಒಂದೇ ಮಟ್ಟದ ದೃಷ್ಟಿ ಮಂದ ಎಂದಿಟ್ಟುಕೊಳ್ಳಿ. ಅವನಿಗೆ ಕನ್ನಡಕ ಇದೆ, ‘ತೊಂದರೆ ಇಲ್ಲ’. ಅವಳಿಗೆ ಇಲ್ಲ, ‘ತುಂಬಾ ತೊಂದರೆ’. ಬೀಡಿ ಕಟ್ಟುವವಳಾದರೆ, ಹೊಲಿಗೆಯವಳಾದರೆ ಅವಳ ಕೂಲಿಯೂ ಅಲ್ಲೇ ಇಳಿಯಿತು. ಇಬ್ಬರ ಕಣ್ಣೂ ಒಂದೇ, ಅಂಗವೈಕಲ್ಯ ಮಾತ್ರ ಅವಳದು. ಬ್ರಿಟನ್ನಿನ ಅಂಗವಿಕಲರ ಸಂಘಟನೆಯೊಂದು 1976ರಲ್ಲಿ ಮಂಡಿಸಿ, ಮುಂದೆ ಮೈಕ್ ಆಲಿವರ್ ‘ಸಾಮಾಜಿಕ ಮಾದರಿ’ ಎಂದು ಕರೆದ ವಾದದ ತಿರುಳು ಇದೇ: ದೇಹದ ಕೊರತೆ ಒಂದು, ಆ ಕೊರತೆಯುಳ್ಳವರನ್ನು ಸಮಾಜ ಹೊರಗಿಡುವುದು ಇನ್ನೊಂದು, ಅಂಗವೈಕಲ್ಯ ಅನ್ನಬೇಕಾದ್ದು ಎರಡನೆಯದನ್ನು. ನೋವು, ಸುಸ್ತು ಇಂಥವನ್ನು ಈ ವಾದ ಮರೆಯುತ್ತದೆ ಎಂದು ಅಂಗವಿಕಲ ಸ್ತ್ರೀವಾದಿಗಳು ಆಕ್ಷೇಪಿಸಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಆದರೂ ನಿಮ್ಮ ಕನ್ನಡಕದ ಕಾಲಂಗೆ ಈ ವಾದ ಬೇಕೇ ಬೇಕು.

ಪ್ರಶ್ನೆಯಷ್ಟೇ ಮುಖ್ಯ, ಯಾರನ್ನು ಕೇಳಿದಿರಿ ಎಂಬುದು. ಪ್ರತಿ ವ್ಯಕ್ತಿಯ ಸಾಲಿನ ಕೊನೆಗೆ ‘ಉತ್ತರ ಕೊಟ್ಟವರು: ಸ್ವತಃ / ಮನೆಯ ಇನ್ನೊಬ್ಬರು (ಸಂಬಂಧ)’ ಎಂದು ಬರೆಯಿರಿ. ಕೊನೆಯಲ್ಲಿ ಎರಡೂ ಗುಂಪನ್ನು ಬೇರೆ ಬೇರೆ ಎಣಿಸಿ ನೋಡಿದರೆ, ಸ್ವತಃ ಹೇಳಿದ ಹೆಂಗಸರಲ್ಲಿ ಎಷ್ಟು, ಗಂಡಸರು ಅವರ ಪರವಾಗಿ ಹೇಳಿದ್ದರಲ್ಲಿ ಎಷ್ಟು ಎಂಬುದು ತಿಳಿಯುತ್ತದೆ. ಮೈ ತೊಳೆದುಕೊಳ್ಳುವ ಪ್ರಶ್ನೆಗೆ ಅಳಿಯನೋ ಮಾವನೋ ಎದುರಿಗಿದ್ದರೆ ನಿಜವಾದ ಉತ್ತರ ಬರುವುದಿಲ್ಲ, ಒಳಗೆ ಅಡುಗೆಮನೆಯಲ್ಲೋ ಹಿತ್ತಿಲಲ್ಲೋ ಕೂತು ಕೇಳಿ. ಕಿವಿ ಕೇಳದ, ಮಾತು ಬಾರದವರ ಪರವಾಗಿ ತಾಯಿ ಉತ್ತರಿಸಲು ಮುಂದಾಗುತ್ತಾಳೆ. ಅವರಿಬ್ಬರ ನಡುವೆ ಮನೆಯಲ್ಲೇ ಬೆಳೆದ ಸನ್ನೆ ಇರುತ್ತದೆ, ತಾಯಿಯನ್ನು ದುಭಾಷಿಯಾಗಿ ಇಟ್ಟುಕೊಳ್ಳಿ. ಆದರೆ ನಿಮ್ಮ ಮುಖ ಉತ್ತರಿಸುವವರ ಕಡೆಗಿರಲಿ.

ಇನ್ನು ಲಿಂಗದ ಕಾಲಂ. ‘ಇತರೆ’ ಎಂಬ ಪದವನ್ನು ತೆಗೆದುಹಾಕಿ. 2011ರ ಗಣತಿಯಲ್ಲಿ ‘ಇತರೆ’ ಎಂದು ದಾಖಲಾದವರಲ್ಲಿ 0ರಿಂದ 6 ವರ್ಷದ ಮಕ್ಕಳೇ ಸುಮಾರು 55 ಸಾವಿರ. ಆ ವಯಸ್ಸಿನ ಮಕ್ಕಳು ತಮ್ಮ ಲಿಂಗತ್ವ ಹೇಳಿಕೊಂಡು ಬರೆಸಿರಲು ಸಾಧ್ಯವಿಲ್ಲ, ಬೇರೆಯವರು ಹೇಳಿ ಬರೆಸಿದ್ದು ಅಥವಾ ಕೋಡ್ ತಪ್ಪಿದ್ದು. ಆ 4.88 ಲಕ್ಷವನ್ನು ಲಿಂಗತ್ವ ಅಲ್ಪಸಂಖ್ಯಾತರ ‘ಜನಸಂಖ್ಯೆ’ ಎಂದು ಪ್ರಬಂಧದಲ್ಲಿ ಬರೆಯಬೇಡಿ. ನಿಮ್ಮ ಊರಿನಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪ ಇದ್ದರೂ ರೇಷನ್ ಕಾರ್ಡಿನಲ್ಲಿ ಹಳೆಯ ಹೆಸರು, ಗಂಡು. ಅಣ್ಣನೇ ಬಾಗಿಲಿಗೆ ಬಂದರೆ ಹಾಗೇ ಬರೆಸುತ್ತಾನೆ. ಊರು ಬಿಟ್ಟು ಬೆಂಗಳೂರಿನ ಹಮಾಮಿನಲ್ಲಿ (ಹಿಜ್ರಾ ಸಮುದಾಯದವರು ಗುರು, ಚೇಲಾ ಅಂದರೆ ಶಿಷ್ಯೆಯರಾಗಿ ಒಟ್ಟಿಗೆ ಬಾಳುವ ಮನೆ) ಇರುವವರಾದರೆ ನಿಮ್ಮ ಪಟ್ಟಿಯಲ್ಲಿ ಅವರ ಹೆಸರೂ ಇರುವುದಿಲ್ಲ. ಅಲ್ಲಿಗೇ ಹೋಗಿ ಎಣಿಸಿದರೂ ಗಣತಿಯ ನಮೂನೆಗೆ ಅವರ ಮನೆ ಹಿಡಿಸುವುದಿಲ್ಲ. ‘ಮನೆಯ ಯಜಮಾನರಿಗೆ ಇವರು ಏನಾಗಬೇಕು?’ ಎಂಬ ಕಾಲಂನಲ್ಲಿ ಹೆಂಡತಿ, ಮಗ, ಸೊಸೆ, ಮೈದುನ ಎಲ್ಲ ಇದ್ದಾರೆ. ಗುರು ಮತ್ತು ಚೇಲಾ ಇಲ್ಲ. ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ ಎಂಬ ಗಣತಿಯ ಸೂತ್ರಕ್ಕೆ ಅವರು ಸರಿಹೊಂದುತ್ತಾರೆ, ಸಂಬಂಧದ ಕಾಲಂಗೆ ಹೊಂದುವುದಿಲ್ಲ. ನನ್ನ ಮಟ್ಟಿಗೆ ಲಿಂಗತ್ವದ ಅಧ್ಯಾಯಕ್ಕೆ ಬೇಕಾದ ಒಳನೋಟ ಆ ಒಂದು ಖಾಲಿ ಕೋಡಿನಲ್ಲೇ ಸಿಗುತ್ತದೆ.

ಹಾಗಾಗಿ ಮನೆಪಟ್ಟಿಯಲ್ಲಿ ಹೆಣ್ಣು ಅಥವಾ ಗಂಡು ಎಂದು ಹೇಳಿದ್ದನ್ನು ಬರೆದುಕೊಳ್ಳಿ, ಅದು ‘ಮನೆಯವರು ಹೇಳಿದ್ದು’ ಎಂದೇ ತಲೆಬರಹ ಕೊಡಿ. ವೈಯಕ್ತಿಕ ಸಂದರ್ಶನದ ಹಾಳೆಯಲ್ಲಿ ಮಾತ್ರ, ಒಬ್ಬರೇ ಇದ್ದಾಗ, ‘ನಿಮ್ಮನ್ನ ಏನಂತ ಬರೆದುಕೊಳ್ಳಲಿ?’ ಎಂದು ಕೇಳಿ ಅವರ ಬಾಯಲ್ಲಿ ಬಂದ ಪದವನ್ನೇ ಬರೆಯಿರಿ. ಶಸ್ತ್ರಚಿಕಿತ್ಸೆ ಆಗಿದೆಯಾ, ಸರ್ಟಿಫಿಕೇಟ್ ಇದೆಯಾ ಎಂದು ಕೇಳಕೂಡದು. ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಮೊಕದ್ದಮೆಯ ತೀರ್ಪಿನಲ್ಲೇ ಒಪ್ಪಿದೆ.

ಲೈಂಗಿಕ ಒಲವಿನ ಪ್ರಶ್ನೆ ಕೇಳದೇ ಬಂದಿರಿ, ಒಳ್ಳೆಯದಾಯಿತು. ಸ್ವಂತ ಊರಿನಲ್ಲಿ ಮನೆಮನೆ ಸಮೀಕ್ಷೆಯಲ್ಲಿ ಅದನ್ನು ಕೇಳಲೇಬೇಡಿ. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಕೋರ್ಟಿನ ಮಾತು ಪಡಸಾಲೆಗೆ ಬಂದು ಮುಟ್ಟಿಲ್ಲ. ಗೋಡೆಯಾಚೆಗೆ ಅತ್ತಿಗೆ ಕೂತಿರುವ ಮನೆಯಲ್ಲಿ ನಿಮಗೆ ಬರುವ ಉತ್ತರ ಸುಳ್ಳಾಗಿರುತ್ತದೆ, ಅಥವಾ ನಿಜ ಹೇಳಿದವರಿಗೆ ಅಪಾಯ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಕಳಂಕ ಕಣ್ಣಿಗೆ ಕಾಣುವವರು ಒಂದು ಬಗೆ, ತಿಳಿದರೆ ಮಾತ್ರ ಕಳಂಕಿತರಾಗುವವರು ಇನ್ನೊಂದು. ಕುಂಟುವವನಿಗೆ ನೋಡುವವರ ಎದುರು ಹೇಗಿರಬೇಕೆಂಬ ಚಿಂತೆ. ಸಲಿಂಗಿಗೆ ಯಾರಿಗೆ ಎಷ್ಟು ತಿಳಿದಿದೆ ಎಂಬ ಲೆಕ್ಕಾಚಾರ. ಸಮೀಕ್ಷೆಯ ಹಾಳೆ ಆ ಲೆಕ್ಕಾಚಾರವನ್ನೇ ಕೆಡಿಸುತ್ತದೆ.

ನೇರವಾಗಿ ಕೇಳದೆ ಅಂದಾಜು ಮಾಡುವ ಉಪಾಯವೊಂದನ್ನು ನಿಮ್ಮ ಮಾರ್ಗದರ್ಶಕರು ಸೂಚಿಸಬಹುದು. ಅರ್ಧ ಜನರಿಗೆ ನಾಲ್ಕು ಹೇಳಿಕೆ, ಇನ್ನರ್ಧಕ್ಕೆ ಅದೇ ನಾಲ್ಕರ ಜೊತೆ ಸೂಕ್ಷ್ಮವಾದ ಐದನೆಯದು ಕೊಟ್ಟು, ಯಾವುದು ಎಂದು ಕೇಳದೆ ‘ಎಷ್ಟು ನಿಮಗೆ ಅನ್ವಯಿಸುತ್ತದೆ’ ಎಂದಷ್ಟೇ ಕೇಳುವುದು. ಎರಡು ಸರಾಸರಿಗಳ ವ್ಯತ್ಯಾಸವೇ ಉತ್ತರ. ವಿಧಾನ ಚೆನ್ನಾಗಿದೆ, ನಿಮಗೆ ಆಗಿಬರುವುದಿಲ್ಲ. ಗುಂಪಿಗೆ 100 ಜನ ಇದ್ದು ಉತ್ತರಗಳ ಚದುರುವಿಕೆ ಸಾಮಾನ್ಯವಾಗಿ ಇರುವಷ್ಟು, ಅಂದರೆ ವೇರಿಯನ್ಸ್ 1ರ ಆಸುಪಾಸು ಇದ್ದರೆ, ಅಂದಾಜಿನ ಆಚೆಗೂ ಈಚೆಗೂ ಸುಮಾರು 28 ಶೇಕಡಾಂಶದ ಅನಿಶ್ಚಿತತೆ ಬರುತ್ತದೆ. ಗುಂಪಿಗೆ ಸಾವಿರ ಜನ ಇದ್ದರೂ 9. ಶೇ 5 ಬಂದರೆ ಅದು ಸೊನ್ನೆಯೂ ಇರಬಹುದು. ಈ ಭಾಗಕ್ಕೆ ಅಂಕಿಯ ಆಸೆ ಬಿಟ್ಟು, ಜಿಲ್ಲಾ ಕೇಂದ್ರದಲ್ಲೋ ಬೆಂಗಳೂರಿನಲ್ಲೋ ಸಮುದಾಯದವರೇ ನಡೆಸುವ ಸಂಘಟನೆಯ ಮೂಲಕ, ಅವರು ಆರಿಸಿದ ಜಾಗದಲ್ಲಿ, ಐದಾರು ಜನರ ದೀರ್ಘ ಸಂದರ್ಶನ ಮಾಡಿ. ಹೆಸರು, ಊರು, ಜಾತಿ ಮೂರನ್ನೂ ಒಟ್ಟಿಗೆ ಬರೆದರೆ ವ್ಯಕ್ತಿ ಗುರುತು ಸಿಕ್ಕಿಬಿಡುತ್ತದೆ. ಹೆಸರಿನ ಬದಲು ಕೋಡ್, ಊರಿನ ಬದಲು ಜಿಲ್ಲೆ ಇರಲಿ.

ಈಗ ಒಟ್ಟಿಗೆ ನೋಡುವ ಪ್ರಶ್ನೆ. ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್ಶಾ ‘ಇಂಟರ್‌ಸೆಕ್ಷನಾಲಿಟಿ’ (ಹಲವು ಅಸಮಾನತೆಗಳು ಒಬ್ಬರ ಮೇಲೆಯೇ ಕೂಡಿ ಬೀಳುವುದು) ಬಗ್ಗೆ 1989ರಲ್ಲಿ ಬರೆದದ್ದಕ್ಕೆ ಆಧಾರವಾದ ಮೊಕದ್ದಮೆಗಳಲ್ಲಿ ಒಂದನ್ನು ನೋಡಿದರೆ ಸಾಕು, ಸಿದ್ಧಾಂತ ಅದರಲ್ಲೇ ಇದೆ. ಅಮೆರಿಕದಲ್ಲಿ ಐವರು ಕಪ್ಪು ಮಹಿಳೆಯರು ಜನರಲ್ ಮೋಟರ್ಸ್ ಮೇಲೆ ದಾವೆ ಹೂಡಿದ್ದರು. ಕಂಪನಿ 1964ಕ್ಕೆ ಮುಂಚೆ ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡೇ ಇರಲಿಲ್ಲ. ಆಮೇಲೆ ಸೇವಾ ಹಿರಿತನ ನೋಡಿ ಕೆಲಸದಿಂದ ತೆಗೆಯುವಾಗ ಅವರೇ ಮೊದಲು ಹೊರಬಿದ್ದರು. ಕಂಪನಿಯಲ್ಲಿ ಹೆಂಗಸರಿದ್ದಾರೆ (ಬಿಳಿಯರು), ಕಪ್ಪು ಜನರಿದ್ದಾರೆ (ಗಂಡಸರು), ಹಾಗಿರುವಾಗ ತಾರತಮ್ಯ ಎಲ್ಲಿ ಎಂಬ ಧಾಟಿಯಲ್ಲೇ 1976ರಲ್ಲಿ ಕೋರ್ಟು ಯೋಚಿಸಿತು. ಎರಡು ಕಾರಣಗಳನ್ನು ಕೂಡಿಸಿ ನೋಡಲು ಒಪ್ಪಲಿಲ್ಲ. ‘ಹೆಂಗಸರು’ ಎಂದು ಒಂದು ಕೋಷ್ಟಕ, ‘ಅಂಗವಿಕಲರು’ ಎಂದು ಇನ್ನೊಂದು ಕೋಷ್ಟಕ ಮಾಡಿದರೆ ನೀವೂ ಆ ನ್ಯಾಯಾಧೀಶರ ಕೆಲಸವನ್ನೇ ಮಾಡಿದಂತೆ. ನಮ್ಮಲ್ಲಿ ಜಾತಿಯನ್ನೂ ಸೇರಿಸದೆ ಏನೂ ಪೂರ್ತಿಯಾಗುವುದಿಲ್ಲ. ಜಾತಿ ಉಳಿಯುವುದೇ ಹೆಣ್ಣಿನ ಮದುವೆಯ ಮೇಲಿನ ಹಿಡಿತದಿಂದ ಎಂದು ಅಂಬೇಡ್ಕರ್ 1916ರಲ್ಲೇ ಕೊಲಂಬಿಯಾದಲ್ಲಿ ಮಂಡಿಸಿದ ಪ್ರಬಂಧದಲ್ಲಿ ತೋರಿಸಿದ್ದರು.

ಆದರೆ ಜಾತಿ, ಲಿಂಗ, ಅಂಗವೈಕಲ್ಯ ಮೂರನ್ನೂ ಅಡ್ಡ ಕತ್ತರಿಸಿದರೆ ಕೋಷ್ಟಕದ ಒಂದೊಂದು ಕೋಣೆಯಲ್ಲಿ ಇಬ್ಬರೋ ಮೂವರೋ ಉಳಿಯುತ್ತಾರೆ, ಶೇಕಡಾವಾರು ಹಾಕಿದರೆ ನಗೆಪಾಟಲು. ಅದಕ್ಕೆ ಕೆಲಸವನ್ನು ಎರಡು ಹಂತ ಮಾಡಿಕೊಳ್ಳಿ. ಮೊದಲ ಹಂತದಲ್ಲಿ 200 ಮನೆ, ಆರು ಪ್ರಶ್ನೆ, ಯಾರು ಉತ್ತರಿಸಿದರು, ಕನ್ನಡಕ, ಜಾತಿ ವರ್ಗ, ಅಷ್ಟೇ. ಎರಡನೇ ಹಂತದಲ್ಲಿ, ‘ತುಂಬಾ’ ಅಥವಾ ‘ಆಗೋದೇ ಇಲ್ಲ’ ಬಂದ ಪ್ರತಿಯೊಬ್ಬರಿಗೂ ಅದೇ ಕೇರಿಯ, ಅದೇ ಲಿಂಗದ, ವಯಸ್ಸಿನಲ್ಲಿ ಐದು ವರ್ಷ ಆಚೀಚೆಯ, ತೊಂದರೆ ಇಲ್ಲದ ಒಬ್ಬರನ್ನು ಜೋಡಿ ಮಾಡಿ. ಮೂವತ್ತು ಜೋಡಿ ಸಿಕ್ಕರೆ ಎಂ.ಎ. ಪ್ರಬಂಧಕ್ಕೆ ಧಾರಾಳ. ಹೋಲಿಕೆ ಜೋಡಿಯೊಳಗೆ ನಡೆಯುತ್ತದೆ: ಶಾಲೆ ಬಿಟ್ಟ ತರಗತಿ, ಮದುವೆ, ಹೆಸರಿನಲ್ಲಿರುವ ಜಮೀನು, ಕೈಯಲ್ಲಿರುವ ಮೊಬೈಲು, ಹೋದ ವಾರ ಒಬ್ಬರೇ ಎಲ್ಲಿಗೆ ಹೋಗಿದ್ದರು. ಅಂಗವಿಕಲರಲ್ಲಿ 15 ದಾಟಿದವರ ಪೈಕಿ ದುಡಿಯುತ್ತಿರುವ ಅಥವಾ ಕೆಲಸ ಹುಡುಕುತ್ತಿರುವವರು ಶೇ 23.8 ಎಂದು 76ನೇ ಸುತ್ತು ಹೇಳುತ್ತದೆ. ಆ ಸರಾಸರಿಯೊಳಗೆ ಹೆಣ್ಣುಗಂಡಿನ ಅಂತರ ಹೇಗೆ ಅಡಗಿದೆ ಎಂಬುದನ್ನು ಊರಿನ ಮಟ್ಟದಲ್ಲಿ ನಿಮ್ಮ ಜೋಡಿಗಳು ತೋರಿಸಬಲ್ಲವು.

ದುಡಿಮೆ ಎಂದಾಗ ‘ಏನು ಕೆಲಸ ಮಾಡ್ತೀರಿ?’ ಎಂದು ಕೇಳಿದರೆ ‘ಮನೆಯಲ್ಲೇ ಇರ್ತೀನಿ’ ಎಂಬ ಉತ್ತರ ಬರುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ದಾರಿ ಹಿಡಿಯಿರಿ: ನಿನ್ನೆ ಬೆಳಗಿನ ಜಾವ 4ರಿಂದ ಇವತ್ತು 4ರವರೆಗೆ, ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಎಂದು ಕೇಳುವುದು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಎಂಬ ಅಂಕಿ ಸಿಕ್ಕಿದ್ದು ಹೀಗೆ. ಅಂಗವಿಕಲರಿರುವ ಮನೆಯಲ್ಲಿ ಆರೈಕೆ ಮಾಡುವವರಿಗೂ ಇದೇ ಹಾಳೆ ತುಂಬಿಸಿ. ‘ಅಂಗವಿಕಲ ಹೆಂಗಸು ಏನೂ ಮಾಡುವುದಿಲ್ಲ’ ಎಂದು ಮನೆಯವರು ಹೇಳಿದ ಕಡೆಗೂ ಅವಳ ಹಾಳೆ ಬೇರೆ ತುಂಬಿಸಿ. ಕೂತಲ್ಲೇ ಅಕ್ಕಿ ಆರಿಸುವುದು, ಮಗುವನ್ನು ನೋಡಿಕೊಳ್ಳುವುದು, ಅಡಿಕೆಯನ್ನೋ ಹುಣಸೆಯನ್ನೋ ಬಿಡಿಸುವುದು ಆ ಚೌಕಗಳಲ್ಲಿ ಒಂದೊಂದಾಗಿ ಬೀಳುತ್ತವೆ. ಒಂದು ಹಾಳೆಗೆ 25ರಿಂದ 30 ನಿಮಿಷ ಇಟ್ಟುಕೊಳ್ಳಿ. ಹಬ್ಬ, ಸಂತೆಯ ಮರುದಿನ ಹೋಗಬೇಡಿ.

ಮೊದಲು ಹೋದ 40 ಮನೆಗಳ ಹಾಳೆಗಳನ್ನು ಎಸೆಯಬೇಡಿ. ಅದೇ ಮನೆಗಳಿಗೆ ಆರು ಪ್ರಶ್ನೆ ಹಿಡಿದು, ಮಧ್ಯಾಹ್ನ 2ರಿಂದ 4ರ ನಡುವೆ, ಪ್ರತಿಯೊಬ್ಬರನ್ನೂ ಸ್ವತಃ ಮಾತಾಡಿಸಿ ಬನ್ನಿ. ಹಳೆಯ ಮೂವರು ಎಷ್ಟಾದರು, ಹೊಸದಾಗಿ ಸೇರಿದವರಲ್ಲಿ ಹೆಂಗಸರೆಷ್ಟು, ಮೊದಲ ಸಲ ಅವರ ಪರವಾಗಿ ‘ಇಲ್ಲ’ ಎಂದವರು ಯಾರು ಎಂಬ ಮೂರು ಕಾಲಂನ ಕೋಷ್ಟಕವೇ ಪ್ರಬಂಧದ ಮೊದಲ ಅಧ್ಯಾಯವಾಗಲಿ. ಎರಡನೇ ಸಲ ಹೋದಾಗ ‘ಪಿಂಚಣಿ ಮಾಡಿಸಿಕೊಡ್ತಾರಂತೆ’ ಎಂಬ ಸುದ್ದಿ ಹಬ್ಬಿರುತ್ತದೆ, ಉತ್ತರಗಳು ಅತ್ತ ವಾಲುತ್ತವೆ. ಕಾಲೇಜಿನ ಓದಿಗೆ, ಇದರಿಂದ ಸೌಲಭ್ಯ ಬರುವುದಿಲ್ಲ ಎಂದು ಪ್ರತಿ ಮನೆಯಲ್ಲೂ ಮೊದಲ ಮಾತಿನಲ್ಲೇ ಹೇಳಿಬಿಡಿ.

ಪದದ ವಿಷಯ: ‘ವಿಕಲಚೇತನ’ ಕರ್ನಾಟಕ ಸರ್ಕಾರದ ಪದ, ಇಲಾಖೆ ಮತ್ತು ಯೋಜನೆಗಳ ಹೆಸರು ಬರುವ ಕಡೆ ಹಾಗೇ ಬಿಡಿ. ಚೇತನವೇ ವಿಕಲ ಎಂಬ ಅರ್ಥ ಬರುತ್ತದೆ ಎಂಬ ಆಕ್ಷೇಪ ಅದರ ಮೇಲಿದೆ. ವಿಶ್ಲೇಷಣೆಯಲ್ಲಿ ‘ಅಂಗವಿಕಲ ವ್ಯಕ್ತಿ’ ಎಂದು ಒಂದೇ ಪದ ಹಿಡಿದು ಕೊನೆವರೆಗೂ ನಡೆಸಿ. ಸಂದರ್ಶನದ ಮಾತುಗಳನ್ನು ಉದ್ಧರಿಸುವಾಗ ಮಾತ್ರ ಅವರು ತಮ್ಮನ್ನು ‘ಕುಂಟಿ’ ಎಂದುಕೊಂಡಿದ್ದರೆ ‘ಕುಂಟಿ’ ಎಂದೇ ಇರಲಿ, ತಿದ್ದಬೇಡಿ.